ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು?

ಓದುಗರೊಬ್ಬರ ಪ್ರಶ್ನೆ: "ಮನೆಯಲ್ಲಿ ಏನಾದರೂ ಮುರಿದರೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಈಚೆಗೆ ಮೂರು ವಸ್ತು ರಿಪೇರಿ ಮಾಡಿದೆ, ಮೂರೂ ಕೈಕೊಟ್ಟವು. ಮರದ ಕುರ್ಚಿಯ ಕಾಲುಗಳ ನಡುವಿನ ಅಡ್ಡಪಟ್ಟಿ ಸಡಿಲವಾಗಿತ್ತು. ಸಂದಿಗೆ ಸೂಪರ್ ಗ್ಲೂ ಬಿಟ್ಟೆ. ಕೆಲವು ವಾರ ಗಟ್ಟಿಯಾಗಿತ್ತು, ಆಮೇಲೆ 'ಟಕ್' ಅಂತ ಸದ್ದಾಗಿ ಮತ್ತೆ ಅಲ್ಲಾಡತೊಡಗಿತು. ಪ್ಲಾಸ್ಟಿಕ್ ಬಕೆಟ್ಟಿನ ಬಿರುಕಿಗೂ ಅದನ್ನೇ ಹಚ್ಚಿದೆ. ಮರುದಿನ ಗಾಯದ ಹಕ್ಕಳೆಯ ಹಾಗೆ ಎದ್ದು ಬಂತು. ಪಿಂಗಾಣಿ ಮಗ್ಗಿನ ಹಿಡಿ ಮಾತ್ರ ಚೆನ್ನಾಗಿ ಕೂತಿತ್ತು. ಆದರೆ ಒಂದು ದಿನ ಬಿಸಿ ನೀರು ತುಂಬಿ ಎತ್ತಿದಾಗ ಹಿಡಿ ಕೈಯಲ್ಲೇ ಉಳಿಯಿತು, ಮಗ್ ಬಿತ್ತು. ಪುಣ್ಯಕ್ಕೆ ಕಾಲು ಸುಡಲಿಲ್ಲ. ಸೂಪರ್ ಗ್ಲೂ ಜೊತೆ ಅಡುಗೆ ಸೋಡಾ ಹಾಕಿದರೆ ಕಲ್ಲಿನಂತಾಗುತ್ತದೆ ಅಂತ ಒಬ್ಬರು ಹೇಳುತ್ತಾರೆ. ಎಲ್ಲದಕ್ಕೂ ಎಪಾಕ್ಸಿ, ಅಂದರೆ ಎರಡು ಟ್ಯೂಬಿನದನ್ನು ಕಲಸಿ ಹಚ್ಚುವ ಅಂಟು, ಹಾಕಿ ಅಂತ ಇನ್ನೊಬ್ಬರು. ಕುರ್ಚಿಗೆ ಒಂದು ಸ್ಕ್ರೂ ಹೊಡೆದು ಮುಗಿಸಿ ಅಂತ ಮತ್ತೊಬ್ಬರು. ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು ಅಂತ ಹೇಳಿಬಿಡಿ. ಇಲ್ಲವಾದರೆ ಇವನ್ನೆಲ್ಲ ಎಸೆಯಲೇ?"

ಉತ್ತರ:

ನಿಮ್ಮ ಅಂಟಿನಲ್ಲಿ ಬಲ ಕಡಿಮೆ ಇರಲಿಲ್ಲ. ಮೂರೂ ಕಡೆ ಅದು ಸೋತಿದ್ದಕ್ಕೆ ಬೇರೆ ಬೇರೆ ಕಾರಣಗಳಿವೆ. ಕುರ್ಚಿಯಲ್ಲಿ ಸಂದು ಅಗಲವಾಗಿತ್ತು, ಮರ ಅಲುಗುತ್ತಿತ್ತು. ಬಕೆಟ್ಟಿನಲ್ಲಿ ಆ ಪ್ಲಾಸ್ಟಿಕ್ಕಿನ ಮೈ ಯಾವ ಸಾಧಾರಣ ಅಂಟನ್ನೂ ಹತ್ತಿರ ಸೇರಿಸುವುದಿಲ್ಲ. ಮಗ್ಗಿನಲ್ಲಿ ಬಿಸಿಯೂ ನೀರೂ ಸೇರಿ ಕೆಲಸ ಕೆಡಿಸಿದವು. ಹಾಗಾಗಿ "ಎಲ್ಲಕ್ಕಿಂತ ಗಟ್ಟಿ" ಅಂತ ಒಂದು ಹೆಸರು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಎರಡು ವಸ್ತು ಮೋಸವಿಲ್ಲದೆ ರಿಪೇರಿ ಆಗುತ್ತವೆ. ಮೂರನೆಯದರ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸಲಿಕ್ಕಿಲ್ಲ.

ಡಬ್ಬಿಯ ಮೇಲೆ "ಇಷ್ಟು ಕಿಲೋ ತಡೆಯುತ್ತದೆ" ಅಂತ ಬರೆದಿರುತ್ತದಲ್ಲ, ಅಲ್ಲಿಂದಲೇ ಗೊಂದಲ ಶುರು. ಎರಡು ಚಪ್ಪಟೆ, ಶುದ್ಧ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ನೇರವಾಗಿ ಎಳೆದು ಆ ಲೆಕ್ಕ ತೆಗೆದಿರುತ್ತಾರೆ. ಮನೆಯ ವಸ್ತು ಹಾಗೆ ಎಳೆಸಿಕೊಳ್ಳುವುದಿಲ್ಲ. ಎರಡು ಮೈ ಒಂದರ ಮೇಲೊಂದು ಜಾರುವಂತೆ ಬಲ ಬಿದ್ದರೆ ಇಡೀ ಅಂಟು ಒಟ್ಟಿಗೆ ತಡೆಯುತ್ತದೆ. ಅಂಟಿಗೆ ಸುಲಭದ ಕೆಲಸ ಅದು. ಒಂದು ಅಂಚಿನಿಂದ ಸುಲಿಯುವಂತೆ ಎಳೆದರೆ ಅಷ್ಟೂ ಬಲ ಆ ಅಂಚಿನ ಒಂದು ಗೆರೆಯ ಮೇಲೆ ಬೀಳುತ್ತದೆ. ಆ ಗೆರೆ ಬಿಟ್ಟುಕೊಟ್ಟರೆ ಮುಂದಿನದು, ಆಮೇಲೆ ಅದರ ಮುಂದಿನದು. ಮಗ್ಗಿನ ಹಿಡಿ, ಚಪ್ಪಲಿಯ ಅಟ್ಟೆ, ಡಬ್ಬಿಯ ಮುಚ್ಚಳದ ಕೀಲು ಎಲ್ಲ ಸೋಲುವುದು ಹೀಗೆಯೇ. ಅಂಟು ಆರಿಸುವ ಮೊದಲು ಆ ಜಾಗಕ್ಕೆ ಯಾವ ಕಡೆಯಿಂದ ಬಲ ಬೀಳುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಸೂಪರ್ ಗ್ಲೂ. ಅದರ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಮತ್ತು ಅವರ ಜೊತೆಗಾರರು ಬಂದೂಕಿನ ಗುರಿಕನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಅಂತ ಬೇಸತ್ತು ಪಕ್ಕಕ್ಕಿಟ್ಟರು. ಅಂಟಾಗಿ ಮಾರಾಟಕ್ಕೆ ಬಂದಿದ್ದು 1958ರಲ್ಲಿ. ಇದು ಒಣಗಿ ಗಟ್ಟಿಯಾಗುವ ಅಂಟಲ್ಲ. ವಸ್ತುವಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೇವ ಇರುತ್ತದೆ. ಅದು ತಾಗಿದ ಕ್ಷಣ ಅಂಟಿನ ಕಣಗಳು ಸರಪಳಿಯಂತೆ ಬೆಸೆದುಕೊಂಡು ಗಟ್ಟಿಯಾಗುತ್ತವೆ. ಅದಕ್ಕೇ ತೆಳು ಪದರದಲ್ಲಿ ಮಾತ್ರ ಇದರ ಆಟ. ಎರಡು ತುಂಡುಗಳು ಕೂದಲೆಳೆಯ ಸಂದೂ ಇಲ್ಲದೆ ಕೂಡಿದರೆ ಅದ್ಭುತವಾಗಿ ಹಿಡಿಯುತ್ತದೆ. ದಪ್ಪ ಬಿದ್ದರೆ ಒಳಗಿನದು ಹಸಿಯಾಗೇ ಉಳಿಯುತ್ತದೆ. ಗಟ್ಟಿಯಾದ ಮೇಲೂ ಗಾಜಿನಂತೆ ಪೆಡಸು. ಬಾಗುವುದಿಲ್ಲ, ಮುರಿಯುತ್ತದೆ. ನಿಮ್ಮ ಕುರ್ಚಿಯಿಂದ ಬಂದ 'ಟಕ್' ಸದ್ದು ಅದೇ.

ಅಡುಗೆ ಸೋಡಾದ ಮಾತು ಪೂರ್ತಿ ಸುಳ್ಳಲ್ಲ. ಸೋಡಾ ಕ್ಷಾರ ಗುಣದ್ದು, ಸೂಪರ್ ಗ್ಲೂ ಅದಕ್ಕೆ ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಪುಡಿಯೂ ಸೇರುವುದರಿಂದ ಸಣ್ಣ ಕುಳಿ ತುಂಬುತ್ತದೆ, ಆಮೇಲೆ ಉಜ್ಜಿ ನುಣುಪು ಮಾಡಬಹುದು. ರಿಮೋಟಿನ ಮೂಲೆ ಒಡೆದಿದ್ದರೆ, ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ತೂತು ಅಗಲವಾಗಿದ್ದರೆ ಈ ಉಪಾಯ ನಡೆಯುತ್ತದೆ. ಆದರೆ ಪೆಡಸುತನ ಇನ್ನೂ ಜಾಸ್ತಿಯಾಗುತ್ತದೆ. ಕುರ್ಚಿಯಂಥ ಅಲುಗುವ ಜಾಗಕ್ಕೆ ಅದು ಕೆಲಸಕ್ಕೆ ಬಾರದು. ಇನ್ನೊಂದು ಮಾತು, ಸೋಡಾ ಹಾಕಿದಾಗ ಚೆನ್ನಾಗಿ ಬಿಸಿಯೇರಿ ಹೊಗೆ ಬರುತ್ತದೆ. ಬಗ್ಗಿ ಮೂಸಬೇಡಿ.

ಈಗ ಕುರ್ಚಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನನ್ನ ಹತ್ತಿರ ಬರುವ ಕುರ್ಚಿಗಳಲ್ಲಿ ಹೆಚ್ಚಿನವು ಸಡಿಲವಾಗಿದ್ದಕ್ಕೆ ಹಾಳಾದವಲ್ಲ, ಅವಸರದಲ್ಲಿ ಮಾಡಿದ ಮೊದಲ ರಿಪೇರಿಯಿಂದ ಹಾಳಾದವು.

ಮರ ತೇವ ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಎಲ್ಲ ಕಡೆಗೂ ಒಂದೇ ಸಮ ಅಲ್ಲ. ಎಳೆಯ ಉದ್ದಕ್ಕೆ ಅದು ಬದಲಾಗುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಸಾಕಷ್ಟು ಬದಲಾಗುತ್ತದೆ. ಅಡ್ಡಪಟ್ಟಿಯ ತುದಿ ಕಾಲಿನ ತೂತಿನೊಳಗೆ ಕೂತಿರುತ್ತದೆ. ತೇವದ ದಿನಗಳಲ್ಲಿ ಆ ತುದಿ ಹಿಗ್ಗಲು ಹೋಗುತ್ತದೆ, ತೂತು ಬಿಡುವುದಿಲ್ಲ. ಜಾಗವಿಲ್ಲದೆ ಮರದ ಎಳೆಗಳು ತಮ್ಮಲ್ಲೇ ಜಜ್ಜಿಹೋಗುತ್ತವೆ. ಒಣಗುವ ಕಾಲ ಬಂದಾಗ ಆ ತುದಿ ಮೊದಲಿದ್ದ ಅಳತೆಗಿಂತಲೂ ಸಣ್ಣದಾಗಿರುತ್ತದೆ. ಹೀಗೆ ವರ್ಷವರ್ಷವೂ ಸಂದು ಬೆಳೆಯುತ್ತದೆ. ಅದರ ಮೇಲೆ ನಾವು ಕೂತು ಹಿಂದಕ್ಕೆ ವಾಲುತ್ತೇವೆ. ಕಾಲು ಸನ್ನೆಕೋಲಾಗಿ ಆ ಪುಟ್ಟ ಕೂಡಿಕೆಯನ್ನು ಮೀಟುತ್ತದೆ. ಅಂದರೆ ಕುರ್ಚಿ ಸಡಿಲವಾಗಿದ್ದು ಯಾರ ತಪ್ಪೂ ಅಲ್ಲ, ಮರದ ಸ್ವಭಾವ.

ಸ್ಕ್ರೂ ಹೊಡೆಯುವ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಕಾಲಿನ ಹೊರಗಿನಿಂದ ಹೊಡೆದ ಸ್ಕ್ರೂ ಅಡ್ಡಪಟ್ಟಿಯ ಎಳೆಗಳ ಉದ್ದಕ್ಕೆ ಇಳಿಯುತ್ತದೆ. ಆ ದಿಕ್ಕಿನಲ್ಲಿ ಮರ ಸ್ಕ್ರೂವನ್ನು ಸರಿಯಾಗಿ ಹಿಡಿಯುವುದಿಲ್ಲ. ಮೊದಲ ದಿನ ಬಿಗಿಯಾಗಿ ಕಾಣುತ್ತದೆ. ಆಮೇಲೆ ಪ್ರತಿ ಅಲುಗಾಟಕ್ಕೂ ಲೋಹ ಮರವನ್ನು ಕೊರೆಯುತ್ತಾ ಹೋಗುತ್ತದೆ. ಕೊನೆಗೆ ಕಾಲೇ ಸೀಳುತ್ತದೆ. ಸಡಿಲ ಕುರ್ಚಿಯನ್ನು ಉಳಿಸಬಹುದು, ಕಾಲು ಸೀಳಿದ್ದನ್ನು ಉಳಿಸುವುದು ಕಷ್ಟ.

ಇದಕ್ಕೆ ಬೇಕಾದ್ದು ಬಡಗಿಗಳು ಬಳಸುವ ಬಿಳಿ ಮರದ ಅಂಟು, ಅಂದರೆ ಪಿವಿಎ. ಇದು ನೀರಿನಲ್ಲಿ ಕಲಸಿದ ಅಂಟು. ಮರ ನೀರನ್ನು ಹೀರಿಕೊಂಡಾಗ ಅಂಟು ಎಳೆಗಳ ನಡುವೆ ಇಳಿದು ಗಟ್ಟಿಯಾಗುತ್ತದೆ. ಸರಿಯಾಗಿ ಕೂಡಿದ, ಎಳೆಗೆ ಎಳೆ ಸೇರಿದ ಜಾಗದಲ್ಲಿ ಅಂಟಿಗಿಂತ ಮೊದಲು ಪಕ್ಕದ ಮರವೇ ಮುರಿಯುತ್ತದೆ. ಆದರೆ ಇದಕ್ಕೆ ಎರಡು ಹಟ ಇವೆ. ಏನೂ ಹಚ್ಚದ ಬರೀ ಮರವೇ ಬೇಕು, ಹಳೆಯ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ. ಸಂದನ್ನೂ ತುಂಬುವುದಿಲ್ಲ. ಸಂದಿನಲ್ಲಿ ಮರದ ಪುಡಿ ಕಲಸಿ ತುಂಬುವ ಅಭ್ಯಾಸ ಎಲ್ಲೆಡೆ ಇದೆ. ನೋಡಲು ಚೆನ್ನಾಗಿರುತ್ತದೆ, ಬಲಕ್ಕೆ ಸೊನ್ನೆ.

ಹಾಗಾಗಿ ಹೊರಗಿನಿಂದ ಅಂಟು ಬಿಡುವುದರಿಂದ ಏನೂ ಆಗದು, ಕೂಡಿಕೆಯನ್ನು ಬಿಚ್ಚಲೇಬೇಕು. ಬಿಚ್ಚುವ ಮೊದಲು ಪ್ರತಿ ತುಂಡಿಗೂ ಕಾಗದದ ಟೇಪ್ ಹಚ್ಚಿ ಗುರುತು ಬರೆಯಿರಿ. ನಾಲ್ಕು ಕಾಲೂ ಒಂದೇ ತರ ಕಾಣುತ್ತವೆ, ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅಡ್ಡಪಟ್ಟಿಯನ್ನು ತಿರುಗಿಸುತ್ತಾ ಎಳೆಯಿರಿ. ಬರದಿದ್ದರೆ ಕಾಲಿಗೆ ಮರದ ಚೂರು ಅಡ್ಡ ಇಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿ. ಹಳೆಯದು ಬಿಳಿ ಅಂಟೋ ಪ್ರಾಣಿಗಳ ತೊಗಲಿನ ಅಂಟೋ ಆಗಿದ್ದರೆ ಬೆಚ್ಚಗಿನ ವಿನೆಗರ್ ಒಂದಷ್ಟು ಹೊತ್ತು ತಾಗಿಸಿದರೆ ಮೆತ್ತಗಾಗುತ್ತದೆ. ನಿಮ್ಮ ಸೂಪರ್ ಗ್ಲೂ ಅದಕ್ಕೆ ಬಗ್ಗುವುದಿಲ್ಲ. ಉಳಿಯಿಂದಲೋ ಚೂರಿಯ ಬೆನ್ನಿನಿಂದಲೋ ಕೆರೆದು ತೆಗೆಯಬೇಕು. ಮರದ ಬಣ್ಣ ಕಾಣುವಷ್ಟು ಕೆರೆದರೆ ಸಾಕು. ಉಪ್ಪುಕಾಗದ ಹಿಡಿದು ಉಜ್ಜುತ್ತಾ ಕೂತರೆ ತುದಿ ಇನ್ನೂ ಸಣ್ಣದಾಗುತ್ತದೆ.

ಆಮೇಲೆ ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿ. ಕೈಯಿಂದ ಒತ್ತಿದರೆ ಬಿಗಿಯಾಗಿ ಇಳಿದರೆ ಬಿಳಿ ಅಂಟು ಸಾಕು. ಸಡಿಲ ಅನಿಸಿದರೆ ತುದಿಗೆ ತೆಳುವಾದ ಮರದ ಹೊಟ್ಟನ್ನು, ಕೀಸುಳಿ ಹೊಡೆದಾಗ ಸುರುಳಿಯಾಗಿ ಬರುತ್ತದಲ್ಲ ಅದನ್ನು, ಅಂಟು ಹಚ್ಚಿ ಒಂದು ಸುತ್ತು ಸುತ್ತಿ. ಒಣಗಿದ ಮೇಲೆ ತೂತಿನ ಅಳತೆಗೆ ಉಜ್ಜಿಕೊಳ್ಳಿ. ಅಷ್ಟು ತಾಳ್ಮೆ ಇಲ್ಲದಿದ್ದರೆ, ಅಥವಾ ತೂತಿನ ಒಳಗೋಡೆ ಚೂರುಚೂರಾಗಿದ್ದರೆ, ಎಪಾಕ್ಸಿ ಹಾಕಬಹುದು. ಅದು ಸಂದು ತುಂಬುತ್ತದೆ, ಚೆನ್ನಾಗಿಯೂ ಹಿಡಿಯುತ್ತದೆ. ತೊಂದರೆ ಒಂದೇ. ಮುಂದೆ ಮತ್ತೆ ಬಿಚ್ಚಬೇಕಾದರೆ ಮರ ಮುರಿಯದೆ ಬಿಚ್ಚಲಾಗದು. ಹಳೆಯ, ಬೆಲೆಬಾಳುವ ಕುರ್ಚಿಗೆ ನಾನಂತೂ ಹಾಕುವುದಿಲ್ಲ.

ಅಂಟನ್ನು ತೂತಿನ ಗೋಡೆಗೂ ಪಟ್ಟಿಯ ತುದಿಗೂ ತೆಳುವಾಗಿ ಸವರಿ. ತೂತಿನ ತಳದಲ್ಲಿ ಕೆರೆಯಂತೆ ತುಂಬಿದರೆ ಪಟ್ಟಿ ಪೂರ್ತಿ ಒಳಗೆ ಇಳಿಯುವುದೇ ಇಲ್ಲ. ಕ್ಲಾಂಪ್ ಇಲ್ಲದಿದ್ದರೆ ಚಿಂತೆ ಬೇಡ. ಕಾಲುಗಳ ಸುತ್ತ ಹಗ್ಗ ಕಟ್ಟಿ, ನಡುವೆ ಒಂದು ಕೋಲು ತೂರಿಸಿ ತಿರುಚಿ, ಕೋಲು ಬಿಚ್ಚಿಕೊಳ್ಳದಂತೆ ಪಟ್ಟಿಗೆ ತಾಗಿಸಿ ನಿಲ್ಲಿಸಿ. ಹಗ್ಗ ತಾಗುವ ಕಡೆ ಬಟ್ಟೆ ಇಡಿ. ಬಿಗಿ ಮಾಡಿದ ಕೂಡಲೇ ಸಮನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲು ನೆಲ ಮುಟ್ಟುತ್ತವೆಯೇ ನೋಡಿ. ಈಗ ಸರಿಪಡಿಸುವುದು ಸುಲಭ, ನಾಳೆ ಆಗದು. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ. 24 ಗಂಟೆ ಯಾರೂ ಕೂರಬಾರದು, ಮಕ್ಕಳಂತೂ ಹತ್ತಿರವೂ ಸುಳಿಯಬಾರದು.

ಕಾಲಿನ ಮರವೇ ಮುರಿದಿದ್ದರೆ ಬೇರೆ ಲೆಕ್ಕ. ಎಳೆಯ ಉದ್ದಕ್ಕೆ ಸೀಳಿದ್ದರೆ ಅಂಟು ಚೆನ್ನಾಗಿ ಕೂಡಿಸುತ್ತದೆ. ಅಡ್ಡಕ್ಕೆ ತುಂಡಾಗಿದ್ದರೆ ಬರೀ ಅಂಟನ್ನು ನಂಬಿ ಮನುಷ್ಯರನ್ನು ಕೂರಿಸಬೇಡಿ, ಕಾಲು ಬದಲಿಸಿ.

ಬಕೆಟ್ಟಿಗೆ ಬರೋಣ. ಬಕೆಟ್, ಟಬ್, ಡಬ್ಬಿಗಳನ್ನು ಹೆಚ್ಚಾಗಿ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನಿಂದ ಮಾಡಿರುತ್ತಾರೆ. ಅಂಟು ಹಿಡಿಯಬೇಕಾದರೆ ಮೊದಲು ಅದು ಮೈಮೇಲೆ ಹರಡಿ ಒದ್ದೆ ಮಾಡಬೇಕು. ಈ ಪ್ಲಾಸ್ಟಿಕ್‌ಗಳ ಮೇಲೆ ನೀರು ಹನಿಹನಿಯಾಗಿ ನಿಲ್ಲುವುದನ್ನು ನೋಡಿರುತ್ತೀರಿ. ಅಂಟೂ ಹಾಗೆಯೇ ಮೈಗೆ ಒಗ್ಗದೆ ಸುಮ್ನೆ ಮೇಲೆ ಕೂತು ಗಟ್ಟಿಯಾಗುತ್ತದೆ. ಉಗುರು ಹಾಕಿದರೆ ಎದ್ದು ಬರುತ್ತದೆ.

ಯಾವ ಪ್ಲಾಸ್ಟಿಕ್ ಅಂತ ತಿಳಿಯಲು ತಳದಲ್ಲಿರುವ ತ್ರಿಕೋನ ನೋಡಿ. ಒಳಗೆ 2 ಅಥವಾ 4 ಇದ್ದರೆ ಪಾಲಿಎಥಿಲೀನ್, 5 ಇದ್ದರೆ ಪಾಲಿಪ್ರೊಪಿಲೀನ್. ಗುರುತು ಇಲ್ಲದಿದ್ದರೆ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ನೀರಿಗೆ ಹಾಕಿ, ಗಾಳಿಗುಳ್ಳೆ ಅಂಟದಂತೆ ಬೆರಳಲ್ಲಿ ಮುಳುಗಿಸಿ ಬಿಡಿ. ಇವೆರಡೂ ನೀರಿಗಿಂತ ಹಗುರ, ಮೇಲೆ ತೇಲುತ್ತವೆ. ಎಬಿಎಸ್, ಪಿವಿಸಿ, ಪಾಲಿಸ್ಟೈರೀನ್ ಅನ್ನುವ ಬೇರೆ ಪ್ಲಾಸ್ಟಿಕ್‌ಗಳು ಮುಳುಗುತ್ತವೆ. ಥರ್ಮಾಕೋಲ್‌ನಂಥ ನೊರೆ ಪ್ಲಾಸ್ಟಿಕ್‌ಗೆ ಈ ಪರೀಕ್ಷೆ ನಡೆಯದು. ಮುಳುಗಿದರೆ ಅಂಟು ಹಿಡಿಯುವ ಆಸೆ ಇದೆ. ತೇಲಿದರೆ ಸಾಧಾರಣ ಅಂಟಿನ ಆಸೆ ಬಿಡಿ.

ಬಿಟ್ಟ ಮೇಲೆ ಏನು ಮಾಡಬಹುದು? ಮೊದಲು ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರಿನ ತೂತು ಕೊರೆಯಿರಿ. ಚೂಪಾದ ತುದಿ ಹೋಗಿ ದುಂಡಾದರೆ ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ ಸೋಲ್ಡರಿಂಗ್ ಕಬ್ಬಿಣದಿಂದ ಎರಡೂ ಅಂಚನ್ನು ಕರಗಿಸಿ ಬೆಸೆಯಬಹುದು. ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲಿಟ್ಟು ಕರಗಿಸಿದರೆ ಇನ್ನೂ ಗಟ್ಟಿ. 2ಕ್ಕೆ 5 ಬೆಸೆಯುವುದಿಲ್ಲ. ಕಿಟಕಿ ತೆರೆದು ಮಾಡಿ, ಕರಗಬೇಕೇ ಹೊರತು ಹೊಗೆಯೇಳಬಾರದು. ತ್ರಿಕೋನದೊಳಗೆ 3 ಇದ್ದರೆ ಅದು ಪಿವಿಸಿ. ಅದನ್ನು ಯಾವ ಕಾರಣಕ್ಕೂ ಸುಡಬೇಡಿ, ಹೈಡ್ರೋಜನ್ ಕ್ಲೋರೈಡ್ ಅನ್ನುವ ಕೆಟ್ಟ ಅನಿಲ ಬರುತ್ತದೆ. ಬೆಸೆಯುವ ಸಾಹಸ ಬೇಡ ಅಂದರೆ ಒಳಗೊಂದು ರಬ್ಬರ್ ತುಂಡು, ಹೊರಗೊಂದು ಗಟ್ಟಿ ಪಟ್ಟಿ ಇಟ್ಟು ನಟ್ ಬೋಲ್ಟ್ ಬಿಗಿಸಿ. ಚೆಂದ ಕಾಣದು, ಆದರೆ ಸೋರುವುದು ನಿಲ್ಲುತ್ತದೆ. ಪ್ರೈಮರ್, ಅಂದರೆ ಅಂಟಿಗೆ ಮೊದಲು ಹಚ್ಚುವ ದ್ರವ, ಅದರ ಜೊತೆ ಬರುವ ವಿಶೇಷ ಸೂಪರ್ ಗ್ಲೂ ಕೂಡ ಇದೆ. ಸಣ್ಣ ತುಂಡಿಗೆ ಪರವಾಗಿಲ್ಲ. ಬಕೆಟ್ಟಿನ ಮೈ ನೀರು ತುಂಬಿದಾಗ ಉಬ್ಬುತ್ತದೆ, ಅಲ್ಲಿ ನನಗೆ ನಂಬಿಕೆ ಇಲ್ಲ.

ಇಷ್ಟೆಲ್ಲ ಮಾಡುವ ಮೊದಲು ಒಂದು ಸಲ ಉಗುರಿನಿಂದ ಕೆರೆದು ನೋಡಿ. ಬಿಳಿ ಪುಡಿ ಉದುರಿದರೆ ಬಿಸಿಲು ಆ ಪ್ಲಾಸ್ಟಿಕ್ಕನ್ನು ತಿಂದುಹಾಕಿದೆ. ನೀವು ಬೆಸೆದ ಜಾಗ ಉಳಿದರೂ ಅದರ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಅಂಥದ್ದನ್ನು ರಿಪೇರಿ ಮಾಡುವುದು ದಂಡ. ಗಟ್ಟಿಯಾಗಿದ್ದು ರಿಪೇರಿ ಆದದ್ದನ್ನೂ ಬಿಸಿನೀರು ಹೊರಲು ಬಳಸಬೇಡಿ.

ಮಗ್ ಬಗ್ಗೆ ನನ್ನ ಮಾತು ಚಿಕ್ಕದು. ಸಾಧಾರಣ ಸೂಪರ್ ಗ್ಲೂ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋಲುತ್ತದೆ. ಪದೇ ಪದೇ ನೀರು ತಾಗಿದರೆ ಅದಕ್ಕೂ ಮೊದಲೇ ಸೋಲುತ್ತದೆ. ಮನೆಬಳಕೆಯ ಬಹಳಷ್ಟು ಎಪಾಕ್ಸಿಗಳು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತವೆ. ಕುದಿಯುವ ನೀರು 100 ಡಿಗ್ರಿ. ಹಿಡಿಯಂತೂ ಸುಲಿಯುವ ಬಲ ಬೀಳುವ ಜಾಗ. ಸೋತರೆ ಬಿಸಿನೀರು ಮೈಮೇಲೆ. ಆದ್ದರಿಂದ ಅಂಟಿಸಿದ ಹಿಡಿಯ ಮಗ್ಗಿನಲ್ಲಿ ಇನ್ನು ಮುಂದೆ ಕುಡಿಯಬೇಡಿ, ಯಾವ ಅಂಟು ಹಾಕಿದರೂ ಸರಿ. ಪ್ರೀತಿಯ ಮಗ್ ಆದರೆ ಎಪಾಕ್ಸಿಯಿಂದ ಕೂಡಿಸಿ ಪೆನ್ನು ಇಟ್ಟುಕೊಳ್ಳಿ. ಪ್ರೆಶರ್ ಕುಕ್ಕರಿನ ಹಿಡಿ, ಏಣಿ, ಹೆಲ್ಮೆಟ್, ಗ್ಯಾಸ್ ಪೈಪ್, ಕರೆಂಟಿನ ವೈರು, ಇವೂ ಅದೇ ಪಟ್ಟಿಗೆ ಸೇರಿದವು. ಅಂಟಿಸುವುದಿಲ್ಲ, ಬದಲಿಸುವುದು.

ಹಾಗಾದರೆ "ಎಲ್ಲದಕ್ಕೂ ಎಪಾಕ್ಸಿ" ಅನ್ನುವವರು ತಪ್ಪೇ? ಪೂರ್ತಿ ಅಲ್ಲ. ಲೋಹ, ಕಲ್ಲು, ಪಿಂಗಾಣಿ, ಸಂದಿರುವ ಕೂಡಿಕೆ ಇಲ್ಲೆಲ್ಲ ಅದು ಒಳ್ಳೆಯದೇ. ಜನ ಅದನ್ನು ಬಳಸುವ ರೀತಿ ಸರಿಯಿಲ್ಲ ಅಷ್ಟೇ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್, ಅಂದರೆ ಗಟ್ಟಿ ಮಾಡುವ ಭಾಗ, ಜಾಸ್ತಿ ಹಾಕುತ್ತಾರೆ. ಎರಡು ಭಾಗಗಳು ಒಂದಕ್ಕೊಂದು ಲೆಕ್ಕದಲ್ಲಿ ಕೂಡಿಕೊಳ್ಳುವ ಅಂಟು ಇದು. ಒಂದು ಹೆಚ್ಚಾದರೆ ಹೆಚ್ಚಾದದ್ದು ಒಂಟಿಯಾಗಿ ಉಳಿದು, ಅಂಟು ಮೇಣದಂತೆ ಮೆತ್ತಗಿರುತ್ತದೆ. ಹೇಳಿದ ಅಳತೆಯಲ್ಲೇ ತೆಗೆದು ಒಂದು ನಿಮಿಷ ಪೂರ್ತಿ ಕಲಸಿ. "5 ನಿಮಿಷದ ಎಪಾಕ್ಸಿ" ಅಂದರೆ ಕಲಸಿದ ಮೇಲೆ ಕೆಲಸ ಮಾಡಲು ಸಿಗುವ ಸಮಯ. ಪೂರ್ತಿ ಬಲ ಬರಲು ಸಾಮಾನ್ಯವಾಗಿ ಒಂದು ದಿನ ಬೇಕು. ಮೈ ನುಣುಪಾಗಿದ್ದರೆ 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಪಸೆ ಹೋಗುವಂತೆ ಸ್ಪಿರಿಟ್‌ನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಕೈಗವಸು ಬೇಕೇ ಬೇಕು. ಹಸಿ ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ.

ಸೂಪರ್ ಗ್ಲೂ ಬಳಸುವಾಗ ಹತ್ತಿಯ ಬಟ್ಟೆ, ಹತ್ತಿಯ ಕೈಗವಸು ಹತ್ತಿರ ಬೇಡ. ಹತ್ತಿಗೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯೇರುತ್ತದೆ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ಮೆಲ್ಲಗೆ ಹೊರಳಿಸಿ ಬಿಡಿಸಿ. ಕಣ್ಣಿಗೆ ಬಿದ್ದರೆ ಬೆಚ್ಚಗಿನ ನೀರಿನಿಂದ ತೊಳೆಯುತ್ತಾ ನೇರ ವೈದ್ಯರ ಬಳಿ ಹೋಗಿ. ರೆಪ್ಪೆ ಅಂಟಿದ್ದರೆ ಬಲವಂತವಾಗಿ ತೆರೆಯಬೇಡಿ, ಉಗುರು ಬಣ್ಣ ತೆಗೆಯುವ ಅಸಿಟೋನ್ ಅಂತೂ ಹತ್ತಿರವೂ ತರಬೇಡಿ.

ಮನೆಯಲ್ಲಿ ಬಿಳಿ ಮರದ ಅಂಟು ಒಂದು ಬಾಟಲಿ, ಎರಡು ಟ್ಯೂಬಿನ ಎಪಾಕ್ಸಿ, ಸೂಪರ್ ಗ್ಲೂನ ಚಿಕ್ಕ ಟ್ಯೂಬು, ಇಷ್ಟಿದ್ದರೆ ಹೆಚ್ಚಿನ ಕೆಲಸ ಆಗುತ್ತದೆ. ಸೂಪರ್ ಗ್ಲೂ ದೊಡ್ಡದು ತರಬೇಡಿ. ತೆರೆದ ಮೇಲೆ ಗಾಳಿಯ ತೇವ ಸೇರಿ ತಾನೇ ಗಟ್ಟಿಯಾಗುತ್ತಾ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತಿನ್ನುವ ಪದಾರ್ಥಗಳಿಂದ ದೂರವಾಗಿ ಫ್ರಿಜ್‌ನಲ್ಲಿ ಇಟ್ಟರೆ ಜಾಸ್ತಿ ದಿನ ಬರುತ್ತದೆ. ಆದರೆ ಹೊರತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ. ತಣ್ಣಗಿನ ಟ್ಯೂಬಿನ ಮೇಲೆ ನೀರಿನ ಹನಿ ಕೂಡುತ್ತದೆ, ಆ ಹನಿಯೇ ಒಳಗಿನ ಅಂಟನ್ನು ಕೆಡಿಸುತ್ತದೆ. ಕೋಣೆಯ ಬಿಸಿಗೆ ಬರುವ ತನಕ ಬಿಟ್ಟು ಆಮೇಲೆ ತೆರೆಯಿರಿ.